ತುಟಿಯ ನಡುವಿನ ಗುಂಡುಪಿನ್ನು

ಹೊಲಿಗೆ ಅಂಗಡಿಗೆ ಬರುವವರೆಲ್ಲ ಅವಳನ್ನು ಕತ್ತರಿಯಕ್ಕ ಎಂದು ಕರೆಯುತ್ತಿದ್ದರು. ಕೈಯಲ್ಲಿರುವ ಕತ್ತರಿಗಿಂತ ನಾಲಿಗೆಯೇ ಹರಿತವೆಂದು ಇಟ್ಟ ಹೆಸರು. ಅವಳಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ. ಬಟ್ಟೆಗೆ ಮಡಿಕೆ ಹಾಕುವಾಗ ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುವುದು ಅವಳ ರೂಢಿ. ಚುರುಕು ಮಾತೊಂದು ಹೊಳೆಯಿತೋ, ಪಿನ್ನುಗಳನ್ನು ಅಂಗೈಗೆ ತೆಗೆದುಕೊಂಡು ಅಂದೇಬಿಡಬೇಕು. ಗಿರಾಕಿಗಳು ಬರುತ್ತಿದ್ದದ್ದು ಹೊಲಿಗೆಗೋ ಆ ಮಾತಿಗೋ, ಹೇಳುವುದು ಕಷ್ಟ.

ಪಕ್ಕದ ಯಂತ್ರದಲ್ಲಿ ಹೊಲಿಯುತ್ತಿದ್ದವಳು ಅವಳ ನಾದಿನಿ. ಕಾಲಿನ ತುಳಿತಕ್ಕೆ ಸರಿಯಾಗಿ ಗುನುಗುವವಳು, ಭಾನುವಾರ ಚರ್ಚಿನಲ್ಲಿ ಮುಂದೆ ನಿಂತು ಹಾಡುವವಳು. ಒಂದು ಸಂಜೆ ಅಂಗಡಿ ತುಂಬ ಜನರಿದ್ದಾಗ ಕತ್ತರಿಯಕ್ಕ ಪಿನ್ನು ತೆಗೆದು, "ಇವಳು ಹಾಡೋಕೆ ಬಾಯಿ ತೆಗೆದಾಗಲೇ ನೋಡಿ, ಮಿಷಿನ್ನಿಗೆ ಎಣ್ಣೆ ಬಿಡೋದು ನನಗೆ ನೆನಪಾಗೋದು" ಎಂದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾದಿನಿಯೂ ನಕ್ಕಳು.

ಆ ಭಾನುವಾರ ಅವಳು ಹಾಡುವವರ ಸಾಲಿಗೆ ಹೋಗಲಿಲ್ಲ. ಗಂಟಲು ಸರಿಯಿಲ್ಲವೆಂದಳು. ಮುಂದಿನ ವಾರವೂ ಅದೇ ಮಾತು. ಅಂಗಡಿಯಲ್ಲಿ ಗುನುಗು ನಿಂತು ಬರೀ ಯಂತ್ರದ ಸದ್ದು ಉಳಿಯಿತು. ಆಗ ಕತ್ತರಿಯಕ್ಕನಿಗೆ ತಾನು ಮಾಡಿದ್ದೇನೆಂದು ಅರಿವಾಯಿತು. ದೇವರು ಆ ಹುಡುಗಿಗೆ ಕೊಟ್ಟದ್ದನ್ನು ಒಂದು ನಗುವಿಗಾಗಿ ಕಿತ್ತುಕೊಂಡೆನಲ್ಲ ಎಂದುಕೊಂಡಳು.

ಅಡುಗೆಮನೆಯಲ್ಲಿ ಕ್ಷಮೆ ಕೇಳಿದಳು. "ಬಿಡಿ ಅತ್ತಿಗೆ, ತಮಾಷೆ ತಾನೇ" ಎನ್ನುತ್ತ ನಾದಿನಿ ಪಾತ್ರೆ ತೊಳೆಯುವುದನ್ನು ಮುಂದುವರಿಸಿದಳು. ಹಾಡು ಮಾತ್ರ ಬರಲಿಲ್ಲ.

ಅಂದಿನಿಂದ ಕತ್ತರಿಯಕ್ಕ ಬೆಳಿಗ್ಗೆ ಯಂತ್ರದ ಮುಂದೆ ಕಣ್ಣು ಮುಚ್ಚಿ, ಕರ್ತನೇ, ಈ ಬಾಯನ್ನು ನೀನೇ ನೋಡಿಕೋ ಎಂದು ಬೇಡಿಕೊಳ್ಳತೊಡಗಿದಳು. ಬೇಡಿದ ಮೇಲೆ ತನ್ನ ಪಾಲಿನ ಕೆಲಸವನ್ನೂ ಮಾಡಬೇಕಲ್ಲ: ಗಿರಾಕಿ ಎದುರಿಗಿರುವಷ್ಟು ಹೊತ್ತೂ ತುಟಿಯಿಂದ ಪಿನ್ನು ತೆಗೆಯುವುದಿಲ್ಲವೆಂದು ನಿಶ್ಚಯಿಸಿದಳು. ಮಾತು ನುಂಗುವ ಕಷ್ಟವನ್ನು ಅವಳ ಕೆಂಪೇರಿದ ಮುಖವೇ ಹೇಳುತ್ತಿತ್ತು. ಹಲ್ಲುನೋವಾ ಎಂದು ಪಕ್ಕದ ಬೇಕರಿಯಾಕೆ ಕೇಳಿದ್ದೂ ಆಯಿತು. ಆದರೂ ಗುನುಗು ಮರಳಲಿಲ್ಲ. ಹೊಸದನ್ನು ಆಡದಿದ್ದರೆ ಸಾಲದು, ಆಡಿದ್ದು ಇನ್ನೂ ಅಲ್ಲೇ ಬಿದ್ದಿದೆ ಎಂದು ಅವಳಿಗೆ ಹೊಳೆಯಿತು. ಅಂದದ್ದು ಊರ ಮುಂದೆ, ಕ್ಷಮೆ ಕೇಳಿದ್ದು ಒಲೆಯ ಮುಂದೆ.

ಮತ್ತೊಂದು ಸಂಜೆ ಅಂಗಡಿ ತುಂಬುವ ತನಕ ಕಾದು, ಪಿನ್ನುಗಳನ್ನು ಒಂದೊಂದಾಗಿ ತೆಗೆದು ಪಿನ್ನಿಡುವ ಪುಟ್ಟ ದಿಂಬಿಗೆ ಚುಚ್ಚಿದಳು. ಜನ ನಗಲು ಸಿದ್ಧರಾದರು.

"ಇವಳ ಹಾಡಿನ ಬಗ್ಗೆ ನಾನು ಅವತ್ತು ಅಂದದ್ದು ಸುಳ್ಳು" ಎಂದಳು. "ನಿಮ್ಮನ್ನ ನಗಿಸೋ ಚಪಲಕ್ಕೆ ಅಂದೆ. ಇವಳು ಹಾಡ್ತಿದ್ರೇನೇ ನನ್ನ ಹೊಲಿಗೆ ನೆಟ್ಟಗೆ ಹೋಗೋದು. ತಪ್ಪಾಯ್ತು ಕಣಮ್ಮ."

"ಕತ್ತರಿ ಮೊಂಡಾಯ್ತಲ್ಲಪ್ಪ" ಎಂದು ಬೇಕರಿಯಾಕೆ ಕೆಣಕಿದಳು. ಅದಕ್ಕೊಂದು ಭರ್ಜರಿ ಉತ್ತರ ಕತ್ತರಿಯಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಪಿನ್ನನ್ನು ಮತ್ತೆ ತುಟಿಗಿಟ್ಟುಕೊಂಡಳು. ನಾದಿನಿ ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕಾಲು ತುಳಿಯತೊಡಗಿತು. ಆ ಸದ್ದಿನ ಅಡಿಯಿಂದ ಸಣ್ಣ ಗುನುಗೊಂದು ಎದ್ದಿತು.

ಭಾನುವಾರ ಅವಳು ಮುಂದೆ ನಿಂತಳು. ಮೊದಲ ಸಾಲಿಗೆ ದನಿ ನಡುಗಿತು, ಎರಡನೆಯದಕ್ಕೆ ಚಾವಣಿ ಮುಟ್ಟಿತು. ಹಿಂದಿನ ಬೆಂಚಿನಲ್ಲಿದ್ದ ಕತ್ತರಿಯಕ್ಕ ಕಣ್ಣೀರು ಒರೆಸಿಕೊಳ್ಳದೆ, ಶ್ರುತಿಯ ಗೊಡವೆಯೇ ಇಲ್ಲದೆ, ಬಾಯಿ ತುಂಬ ಹಾಡಿದಳು.

ಮೆಟ್ಟಿಲಿಳಿಯುವಾಗ ನಾದಿನಿ ಅವಳ ತೋಳು ಹಿಡಿದು, ಬೇರೆ ಯಾರಿಗೂ ಕೇಳಿಸದ ಹಾಗೆ ಕಿವಿಯಲ್ಲಿ ಹೇಳಿದಳು: "ಎಣ್ಣೆ ಬೇಕಾಗಿರೋದು ನಿಮಗೆ, ಅತ್ತಿಗೆ."

ಕತ್ತರಿಯಕ್ಕ ಬೀದಿಗೆಲ್ಲ ಕೇಳಿಸುವಂತೆ ನಕ್ಕಳು.