ಸಫಿಯಮ್ಮನ ಟೆಂಟು

ಪಾಣೆಮಂಗಳೂರಿನ ಸಫಿಯಮ್ಮ ಬೀಡಿ ಕಟ್ಟುವವಳು. ವಯಸ್ಸು ಅರವತ್ತಮೂರು. ಒಂದು ಕಾಲದಲ್ಲಿ ಬೀಡಿ ಕಾರ್ಮಿಕರ ಎಲ್ಲ ಧರಣಿಗೂ ಎಲೆ, ಹೊಗೆಸೊಪ್ಪು ತುಂಬಿದ ಮೊರ ಹಿಡಿದುಕೊಂಡೇ ಬರುತ್ತಿದ್ದಳು. ಘೋಷಣೆ ಕೂಗುತ್ತಲೇ ದಿನದ ಬೀಡಿ ಕಟ್ಟಿ ಮುಗಿಸುತ್ತಿದ್ದಳು. ಭಾಷಣ ಉದ್ದವಾದರೆ ಎಲೆ ಕತ್ತರಿಸುವ ಅವಳ ಕತ್ತರಿಯ ಶಬ್ದ ಜೋರಾಗುತ್ತಿತ್ತು. ಬುದ್ಧಿ ಇದ್ದ ಭಾಷಣಕಾರ ಕೂತುಬಿಡುತ್ತಿದ್ದ.

ಬಂಟ್ವಾಳದ ಒಂದು ಧರಣಿ ಎರಡನೇ ದಿನಕ್ಕೇ ಮುರಿದುಬಿತ್ತು. ಮುರಿದದ್ದು ಪೊಲೀಸರಲ್ಲ, ಟೆಂಟು. ತಂದವನು ನಮ್ಮ ಸಂಘದ ತುಕ್ರಪ್ಪ. "ಕೊಟ್ಟವ ನಮ್ಮವನೇ" ಎಂದಿದ್ದ. ನಮ್ಮವನ ಟೆಂಟು ಮೊದಲ ಮಳೆಗೇ ಜರಡಿಯಾಯಿತು, ಮೊರದಲ್ಲಿದ್ದ ಹೊಗೆಸೊಪ್ಪೆಲ್ಲ ಗಂಜಿಯಾಯಿತು. ಸರ್ಕಾರಕ್ಕೆ ಹದಿನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿದ್ದ ನಾವು ಟೆಂಟಿನವನಿಗೆ ಒಂದನ್ನೂ ಕೇಳಿರಲಿಲ್ಲ. ನಾವದನ್ನು ಮರೆತೆವು. ಸಫಿಯಮ್ಮ ಮರೆಯಲಿಲ್ಲ.

ಈ ವರ್ಷ ಮೊಮ್ಮಗಳು ಫಿದಾಳ ಮದುವೆ ಗೊತ್ತಾಯಿತು. ಹುಡುಗ ಗುರುವಾಯನಕೆರೆಯವನು, ದುಬೈಯಲ್ಲಿ ಕೆಲಸ. ರಜೆ ಸಿಕ್ಕಿದ್ದು ಜೂನ್ ತಿಂಗಳಲ್ಲಿ. ಮಳೆಗಾಲವಲ್ಲವೇ, ಹಾಲ್ ಹಿಡಿಯಿರಿ ಎಂದರು ಗಂಡಿನ ಕಡೆಯವರು.

"ಹಾಲ್‌ನಲ್ಲಿ ಕೈ ತೊಳೆಯುವ ಮೊದಲೇ ಕುರ್ಚಿ ಎಳೀತಾರೆ" ಎಂದಳು ಸಫಿಯಮ್ಮ. "ಊಟ ನನ್ನ ಅಂಗಳದಲ್ಲೇ. ನಿಮ್ಮ ಬಟ್ಟಲಿಗೆ ಒಂದು ಹನಿ ಬಿದ್ದರೆ ಮತ್ತೆ ನನ್ನ ಮಾತು ಯಾರೂ ಕೇಳುವುದು ಬೇಡ."

ಆಡಿದ್ದಾಯಿತು. ಓಣಿಯ ಹೆಂಗಸರೆಲ್ಲ ಸೇರಿ, ಎಲ್ಲರ ಮನೆ ಕಾರ್ಯಕ್ಕೂ ಆಗುವಂಥ ಒಂದು ಕ್ಯಾನ್ವಾಸ್ ಟೆಂಟು ಕೊಳ್ಳುವುದೆಂದು ತೀರ್ಮಾನಿಸಿದರು. ಏಪ್ರಿಲಿನಲ್ಲಿ ಸಫಿಯಮ್ಮ ಅಂಗಡಿ ಹುಡುಕಿಕೊಂಡು ಹೊರಟಳು. ಜೊತೆಗೆ ತುಕ್ರಪ್ಪ ಮತ್ತು ನಾನು.

ಬಂಟ್ವಾಳದ ಒಂದು ಅಂಗಡಿಯವನು, "ಒಂದು ತೊಟ್ಟೂ ಸೋರುವುದಿಲ್ಲ, ಗ್ಯಾರಂಟಿ" ಎಂದ.

"ಮಳೆಯಲ್ಲಿ ಇದರ ಅಡಿಯಲ್ಲಿ ಕೂತಿದ್ದೀರಾ?" ಎಂದು ಕೇಳಿದಳು.

ಕೂತಿರಲಿಲ್ಲ. ಎದ್ದು ಬಂದಳು.

ಮೂಡುಬಿದಿರೆಯಲ್ಲಿ ವಿಜಯರಾಜನದ್ದು ಅಪ್ಪನ ಕಾಲದ ಟಾರ್ಪಾಲು ಅಂಗಡಿ. ಅವನು ಬಟ್ಟೆ ಬಿಡಿಸಿ ಹಾಕಿದ. ಇವಳು ನೆಲದಲ್ಲೇ ಕೂತು ಅಂಚು ತಿಕ್ಕಿ ನೋಡಿದಳು.

"ಪೂರ್ತಿ ಹತ್ತಿಯಾ, ಬೆರಕೆಯಾ?"

"ಪೂರ್ತಿ ಹತ್ತಿ. ಹೊಲಿದ ನೂಲು ಕೂಡ. ನೀರು ಬಿದ್ದರೆ ನೂಲು ಊದಿ ಸೂಜಿ ತೂತು ಮುಚ್ಚುತ್ತದೆ."

"ಒಣಗಿದಾಗ ಎಷ್ಟು ಭಾರ, ಒದ್ದೆಯಾದ್ರೆ ಎಷ್ಟು?"

"ಒದ್ದೆಯದ್ದು ಇಷ್ಟರವರೆಗೆ ಯಾರೂ ಕೇಳಿಲ್ಲ ಅಮ್ಮ."

"ಬಿಚ್ಚಿ ಹೊರುವವರು ನಾವು ಹೆಂಗಸರು. ತೂಗಿ ಹೇಳಿ. ಮತ್ತೆ, ಹೊಲಿಗೆ ಬಿಟ್ಟರೆ ಬರುವುದು ಯಾರು? ನೀವಾ, ನಿಮ್ಮ ಫೋನಾ?"

"ನಾನೇ ಬರ್ತೇನೆ ಮಾರಾಯ್ರೆ!"

ತುಕ್ರಪ್ಪ ನನ್ನ ಕಿವಿಯಲ್ಲಿ, "ಇಷ್ಟು ಪ್ರಶ್ನೆ ಮದುಮಗನಿಗೂ ಕೇಳ್ಲಿಲ್ಲ" ಎಂದ.

"ಅವನಿಗೆ ಕೇಳುವುದನ್ನು ಫಿದಾ ಕೇಳ್ತಾಳೆ, ನೀವು ಸುಮ್ಮನಿರಿ" ಎಂದವಳು ವಿಜಯರಾಜನ ಕಡೆ ತಿರುಗಿದಳು. "ಕೊನೆಯದ್ದು. ಸೋರ್ತದಾ?"

ವಿಜಯರಾಜ ಹೇಳಿದ: "ಹೊಸತರಲ್ಲಿ ಸೋರಿಯೇ ಸೋರ್ತದೆ. ನಾಲ್ಕೈದು ಸಲ ನೆನೆದು ಒಣಗಿದ ಮೇಲೆ ಬಟ್ಟೆ ಬಿಗೀತದೆ, ಆಮೇಲೆ ಇಲ್ಲ. ಆದ್ರೆ ಒದ್ದೆ ಇರುವಾಗ ಒಳಗಿನಿಂದ ಬೆರಳು ತಾಗಿಸಬಾರದು. ತಾಗಿಸಿದಲ್ಲಿ ತೊಟ್ಟಿಕ್ಕುತ್ತದೆ."

ತುಕ್ರಪ್ಪ ಎದ್ದೇ ನಿಂತ. "ಸೋರುವ ಟೆಂಟಾ? ಒಮ್ಮೆ ಆದದ್ದು ಸಾಕು. ಹೋಗುವ."

"ಕೂತ್ಕೊಳ್ಳಿ ತುಕ್ರಪ್ಪಣ್ಣ. ಬೀಡಿ ಎಲೆಯೂ ಹೀಗೆಯೇ, ನೆನೆಸದೆ ಸುತ್ತಿದ್ರೆ ಒಡೀತದೆ. ಸೋರ್ತದೆ ಅಂತ ಬಾಯಿಬಿಟ್ಟು ಹೇಳುವವನ ಹತ್ತಿರವೇ ತಕೊಳ್ಳಬೇಕು." ಆ ಟೆಂಟನ್ನೇ ಕಟ್ಟಿಸಿಕೊಂಡು ಬಂದಳು.

ಮೇ ತಿಂಗಳ ಬಿಸಿಲಿನಲ್ಲಿ ಅಂಗಳದಲ್ಲಿ ಟೆಂಟು ಎದ್ದಿತು. ದಿನವೂ ಬೆಳಿಗ್ಗೆ ಹೆಂಗಸರು ಏಣಿ ಹತ್ತಿ ಕೊಡ ಕೊಡ ನೀರು ಸುರಿದರು. ಮೊದಲ ದಿನ ಧಾರೆ ಧಾರೆಯಾಗಿ ಸೋರಿತು. "ಸಫಿಯಮ್ಮ, ಎಷ್ಟು ಚಿಗುರಿತು?" ಎಂದು ದಾರಿಹೋಕರು ನಕ್ಕರು. "ಹೂವು ಬಿಟ್ಟಾಗ ಕರೀತೇನೆ" ಎಂದಳು. ಮೂರನೇ ದಿನ ಅಲ್ಲೊಂದು ಇಲ್ಲೊಂದು ಹನಿ. ಐದನೇ ದಿನ ಏನೂ ಇಲ್ಲ.

ಮದುವೆಯ ದಿನ ಗಂಡಿನ ಕಡೆಯವರು ಊಟಕ್ಕೆ ಕೂತದ್ದೂ ಕೊಡೆ ಕಂಕುಳಲ್ಲಿಟ್ಟುಕೊಂಡೇ. ತುಪ್ಪದನ್ನ ಬಂತು, ಹಿಂದೆಯೇ ಮಳೆಯೂ ಬಂತು. ಎಂಥ ಮಳೆ! ಪಕ್ಕದವನ ಮಾತು ಕೇಳಿಸದಷ್ಟು. ಎಲ್ಲರೂ ತಲೆ ಎತ್ತಿ ನೋಡಿದರು. ಹನಿ ಇಲ್ಲ. ಒಬ್ಬೊಬ್ಬರಾಗಿ ಕೊಡೆ ಕೆಳಗಿಟ್ಟು ಅಂಗಿಯ ಎರಡೂ ತೋಳು ಮಡಚಿ ಊಟಕ್ಕಿಳಿದರು.

ತುಕ್ರಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ. "ನೋಡಿ, ಒಂದು ತೊಟ್ಟಿಲ್ಲ!" ಎಂದು ಎದ್ದು ನಿಂತು ಟೆಂಟಿನ ಬಟ್ಟೆಯನ್ನು ಬೆರಳಿನಿಂದ ಚುಚ್ಚಿ ತೋರಿಸಿದ. ತೊಟ್ಟು ನೇರ ಅವನ ಬಟ್ಟಲಿಗೇ ಬಿತ್ತು. ಮತ್ತೊಂದು. ಇನ್ನೊಂದು.

ಪಂಕ್ತಿಯಿಡೀ ನಕ್ಕಿತು. ಹೆಂಗಸರ ಪರದೆಯಾಚೆಯಿಂದ ಮಳೆಯನ್ನೂ ಮೀರಿ ಸಫಿಯಮ್ಮನ ಸ್ವರ: "ಯಾರ ಬೆರಳದು?"

"ತುಕ್ರಪ್ಪನದ್ದು!"

"ಹಾಗಾದ್ರೆ ನಮ್ಮ ಕಡೆಯ ಬಟ್ಟಲೇ. ನನ್ನ ಮಾತು ಉಳೀತು. ತುಕ್ರಪ್ಪಣ್ಣನಿಗೆ ಬೇರೆ ಬಟ್ಟಲು ಕೊಡಿ!"

ಹೊರಡುವಾಗ ಹುಡುಗನ ತಾಯಿ ನಬೀಸಾ ಸಫಿಯಮ್ಮನ ಕೈ ಹಿಡಿದು, "ನಮ್ಮ ಸಣ್ಣವನ ಮದುವೆಗೆ ಈ ಟೆಂಟು ಕೊಡ್ತೀರಾ?" ಎಂದಳು.

"ಕೊಡುವ, ಅದಕ್ಕೇನು" ಎಂದಳು ಸಫಿಯಮ್ಮ. "ಆದ್ರೆ ಮೊದಲು ನಾಲ್ಕು ಪ್ರಶ್ನೆ ಉಂಟು. ಒದ್ದೆಯಾದ್ರೆ ಒಣಗಿಸಿ ಮಡಚುವವರು ಯಾರು?"