ಅಂಟು ಹಚ್ಚಿದ ಬೋಲ್ಟು

ಮೇಸ್ತ್ರಿಯ ಎಡಗಣ್ಣು ಪೂರ್ತಿ ಬೆಳ್ಳಗಿತ್ತು. ಹಟ ಹಿಡಿದ ಬೋಲ್ಟೊಂದಕ್ಕೆ ಉಳಿ ಇಟ್ಟು ಹೊಡೆದಾಗ ಕಬ್ಬಿಣದ ಚೂರು ಸಿಡಿದು ಹೊಕ್ಕಿತ್ತಂತೆ. ಮಾತಾಡುವಾಗ ಒಳ್ಳೆಯ ಕಣ್ಣು ಗಾಡಿಯ ಮೇಲಿರುತ್ತಿತ್ತು, ಬಿಳಿಗಣ್ಣು ನಮ್ಮ ಮೇಲೆ. ಅದಕ್ಕೆ ಹೆದರಿ ನಾನು ಅವರೆದುರು ಸುಳ್ಳು ಹೇಳುತ್ತಿರಲಿಲ್ಲ.

ಚಳ್ಳಕೆರೆಯಲ್ಲಿ ನಮ್ಮ ಮನೆಯಿಂದ ಮೂರು ಬೀದಿ ಆಚೆ ಅವರ ಬೈಕ್ ರಿಪೇರಿ ಅಂಗಡಿ. ತುಕ್ಕು ಹಿಡಿದ ಬೋಲ್ಟಿಗೆ ಡೀಸೆಲ್ ಹನಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಚಹಾ ಕುಡಿಯಲು ಹೋಗಿಬಿಡುತ್ತಿದ್ದರು. ಬಂದು ಮತ್ತೆ ತಟ್ಟುತ್ತಿದ್ದರು. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯುತ್ತಿದ್ದರು. ಅವಸರ ಮಾಡಿದವರಿಗೆ, "ಸಬರ್ ಮಾಡ್ರಿ. ವರ್ಷಗಟ್ಲೆ ಕೂತೈತೆ ಅದು, ನೀವು ಬಂದ್ರಿ ಅಂತ ಎದ್ದು ಬರ್ತೈತಾ?" ಎನ್ನುತ್ತಿದ್ದರು.

ನನಗೆ ಎಣ್ಣೆ ಮಿಲ್ಲಿನಲ್ಲಿ ಕೆಲಸ. ರಜೆಯ ದಿನ ಅಂಗಳದಲ್ಲಿ ಬೈಕ್ ಬಿಚ್ಚಿ ಜೋಡಿಸುವ ಚಟ. ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿ ಮೇಸ್ತ್ರಿಗೇ ಪಾಠ ಹೇಳುವಷ್ಟು ಜಂಬ. "ಮುಂದಿನ ಬ್ರೇಕಿನ ಬೋಲ್ಟು ಹಿಡ್ಕೊಂಡೈತೆ. ಅದನ್ನ ಮಾತ್ರ ಮುಟ್ಬ್ಯಾಡ್ರಿ, ನನ್ ತಾವ ತನ್ನಿ" ಎಂದು ಮೇಸ್ತ್ರಿ ಮೊದಲೇ ಹೇಳಿದ್ದರು. ಬೇಡ ಎಂದದ್ದನ್ನೇ ಮಾಡುವುದು ನನ್ನ ಹುಟ್ಟುಗುಣ. ಒಂದು ಭಾನುವಾರ ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ತೂರಿಸಿ ಮೈಭಾರ ಬಿಟ್ಟೆ. ಟಕ್ಕೆಂದಿತು. ಬೋಲ್ಟಿನ ತಲೆ ಕೈಗೆ ಬಂತು, ಮೈ ಒಳಗೇ ಉಳಿಯಿತು.

"ಆಯ್ತಾ ಅಣ್ಣ?" ಎಂದು ತಮ್ಮ ಒಳಗಿನಿಂದ ಕೇಳಿದ. ದಿನಾ ಅದೇ ಬೈಕಿನಲ್ಲಿ ಮೊಳಕಾಲ್ಮುರಿಗೆ ಹೋಗಿ ಮಗ್ಗದ ಮನೆಗಳಿಗೆ ರೇಷ್ಮೆ ನೂಲು ಕೊಟ್ಟು ಬರುವವನು ಅವನು.

"ಆಯ್ತು" ಎಂದೆ.

ಬ್ರೇಕನ್ನು ಹಿಡಿದಿಡುವ ಬೋಲ್ಟುಗಳು ಎರಡು. ಇನ್ನೊಂದು ಗಟ್ಟಿಯಾಗಿದೆಯಲ್ಲ, ನಾಳೆ ಸಂಜೆ ನೋಡಿದರಾಯಿತು ಎಂದುಕೊಂಡೆ. ಮುರಿದ ತಲೆಯನ್ನು ಅಂಟು ಹಚ್ಚಿ ಅದರ ಜಾಗದಲ್ಲೇ ಕೂರಿಸಿ, ಮೇಲೆ ಗ್ರೀಸ್ ಬಳಿದೆ. ಅಷ್ಟು ನಾಜೂಕಿನ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿಲ್ಲ.

ಮರುದಿನ ಬೆಳಿಗ್ಗೆ ಮಿಲ್ಲಿಗೆ ಹೊರಡುವಾಗ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದರು. ಅಂಗಡಿ ಬಿಟ್ಟು ಯಾರ ಮನೆಗೂ ಬಂದವರಲ್ಲ. ಅಂಗೈಯಲ್ಲಿ ಆ ತಲೆ ಇತ್ತು.

"ನಿಮ್ ತಮ್ಮ ಗಾಳಿ ಹಾಕಿಸ್ಕೊಂಡು ಹೋದ್ರು. ಆಮ್ಯಾಲೆ ಇದು ನೆಲದಾಗೆ ಸಿಕ್ತು. ಅಂಟು ಹಚ್ಚೀರಿ."

ನಾನು ಆ ತಲೆಯನ್ನು ಕೈಗೆ ತೆಗೆದುಕೊಂಡೆ.

"ಫೋನ್ ಮಾಡ್ರಿ."

ತಮ್ಮ ಎತ್ತಲಿಲ್ಲ.

ಮೇಸ್ತ್ರಿಯ ಸ್ಕೂಟರಿನ ಹಿಂದೆ ಕೂತೆ. ಮೊಳಕಾಲ್ಮುರಿಗೆ ಹೋಗುವ ತಳಕಿನ ದಾರಿ ಅಷ್ಟು ಉದ್ದ ಎಂದು ಅವತ್ತೇ ಗೊತ್ತಾದದ್ದು. ಲಾರಿ ಎದುರಾದಾಗಲೆಲ್ಲ ಅದರ ಹಿಂದೆ ರಸ್ತೆಯ ಮೇಲೆ ಏನು ಬಿದ್ದಿದೆಯೋ ಎಂದು ಇಣುಕಿ ನೋಡುತ್ತಿದ್ದೆ. ಒಂದು ಕಡೆ ಜನ ಗುಂಪುಗೂಡಿದ್ದರು. ಹತ್ತಿರ ಹೋದರೆ ಬಸ್ಸಿಗೆ ಕಾಯುವವರು. ಮೇಸ್ತ್ರಿ ದಾರಿಯುದ್ದಕ್ಕೂ ಒಂದೇ ಸಲ ಬಾಯಿ ಬಿಟ್ಟರು: "ಜೋರಾಗಿ ಬ್ರೇಕ್ ಹಿಡಿದ್ರೆ ಅದು ತಿರುಗಿ ಚಕ್ರದ ಕಡ್ಡಿಗೆ ಸಿಕ್ಕೊಂತೈತೆ. ಗಾಲಿ ಅಲ್ಲೇ ನಿಂತ್ಬಿಡ್ತೈತೆ."

ತಳಕು ದಾಟಿ ಒಂದು ಹೋಟೆಲಿನ ಮುಂದೆ ತಮ್ಮ ಒಗ್ಗರಣೆ ಮಂಡಕ್ಕಿ ತಿನ್ನುತ್ತಾ ಕೂತಿದ್ದ. ಬ್ರೇಕು ಆಗಲೇ ವಾಲಿಕೊಂಡು ಚಕ್ರದ ಕಡ್ಡಿಗಳಿಗೆ ಉಜ್ಜಿದ ಗುರುತಿತ್ತು. "ಬೋಲ್ಟ್ ಮುರಿದೈತೆ, ಓಡಿಸ್ಬ್ಯಾಡ್ರಿ" ಎಂದಷ್ಟೇ ಮೇಸ್ತ್ರಿ ಅವನಿಗೆ ಹೇಳಿದರು. ನನ್ನ ಕಡೆ ತಿರುಗಿ, ಅವನಿಗೆ ಕೇಳದ ಹಾಗೆ, "ಉಳಿದಿದ್ದು ನೀವು ಹೇಳ್ರಿ" ಎಂದರು.

ಗಾಡಿಯನ್ನು ಟೆಂಪೊದಲ್ಲಿ ಅಂಗಡಿಗೆ ತಂದ ಮೇಲೆ ಮೇಸ್ತ್ರಿ, ಒಳಗೆ ಉಳಿದ ತುಂಡಿನ ನಡುವೆ ಸಣ್ಣ ತೂತು ಕೊರೆದು, ಅದರಲ್ಲಿ ಮೊಳೆಯಂಥದ್ದೊಂದನ್ನು ಬಿಗಿಯಾಗಿ ಕೂರಿಸಿ, ಎಡಕ್ಕೆ ತಿರುಗಿಸುತ್ತಾ ಇಡೀ ಮಧ್ಯಾಹ್ನ ಕೂತು ಹೊರಗೆ ತೆಗೆದರು. ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಸಿಕ್ಕಾಗಲೆಲ್ಲ ಒಂದೇ ಮಾತು: "ತಮ್ಮಂಗೆ ಹೇಳಿದ್ರಾ?"

"ಹೇಳ್ತೀನಿ ಬಿಡ್ರಿ" ಎನ್ನುತ್ತಿದ್ದೆ. ಕೊನೆಕೊನೆಗೆ ಆ ಬೀದಿಯನ್ನೇ ತಪ್ಪಿಸಿ ಓಡಾಡತೊಡಗಿದೆ.

ಈ ಬೇಸಿಗೆಯಲ್ಲಿ ಮೇಸ್ತ್ರಿ ತೀರಿಕೊಂಡರು. ಖಬರಸ್ತಾನದಲ್ಲಿ ಮಣ್ಣು ಹಾಕಿ ಹೊರಗೆ ಬಂದಾಗ ತಮ್ಮ ಅಳುತ್ತಿದ್ದ. ನನ್ನ ಕೈ ಹಿಡಿದು, "ಅವತ್ತು ನೀನು ಅವ್ರನ್ನ ಕರ್ಕೊಂಡು ಬರ್ದೆ ಇದ್ದಿದ್ರೆ ನಾನು ಉಳೀತಿರ್ಲಿಲ್ಲ ಅಣ್ಣ" ಎಂದ.

ಮೇಸ್ತ್ರಿಯ ಆ ಉಪಕಾರವನ್ನೂ ನನ್ನ ಹೆಸರಿಗೆ ಬರೆಸಿಕೊಳ್ಳಲು ನಾಚಿಕೆಯಾಯಿತು. ಗೇಟಿನ ಹತ್ತಿರವೇ ನಿಂತು ಪೈಪು, ಅಂಟು, ಗ್ರೀಸು ಎಲ್ಲವನ್ನೂ ಹೇಳಿದೆ. ತಮ್ಮ ನನ್ನ ಕೈ ಬಿಟ್ಟ. ಆಮೇಲೆ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಬೋಲ್ಟನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದ. ಎದ್ದು ಗಾಡಿ ಶುರು ಮಾಡಿ, ನನ್ನನ್ನು ಹತ್ತಿಸಿಕೊಳ್ಳದೆ ಹೊರಟುಹೋದ.