ನೆಲಕ್ಕೆ ಮಲಗಿದವರು

ಅಂಬಾರಾಯ ಸೇಡಂ ಕಡೆಯವನು. ಪುಣೆಗೆ ಬಂದು ಶಿರೂರು ರಸ್ತೆಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಗೆ ಸೇರಿದ್ದ. ಹೆಂಡತಿ ಯಮನವ್ವ ಅಲ್ಲಿಯೇ ಅಂಗಳ ಗುಡಿಸುತ್ತಿದ್ದಳು. ಅವನಿಗೆ ಮರಾಠಿ ಬರುತ್ತಿತ್ತು, ನಾಲ್ಕಕ್ಷರ ಓದಲೂ ಬರುತ್ತಿತ್ತು. ಹಾಗಾಗಿ ಊರ ಕಡೆಯ ಕೂಲಿಗಳಿಗೆಲ್ಲ ಅವನ ಮಾತೇ ಮಾತು.

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಅಪಾಯದ ತಾಲೀಮು ನಡೆಯುತ್ತಿತ್ತು. ಆ ದಿನ ಗುತ್ತಿಗೆಯವರಿಗೆ ಕೂಲಿಯಿಲ್ಲದ ರಜೆ. ವಿಷಗಾಳಿ ತಡೆಯುವ ಮುಖವಾಡಗಳಿದ್ದದ್ದು ಕಾಯಂ ನೌಕರರಿಗೆ ಸಾಲುವಷ್ಟೇ. ತಪಾಸಣೆಗೆ ಬರುವ ಸಾಹೇಬರ ಕಣ್ಣಿಗೆ ಬರಿಮೂತಿಗಳು ಬೀಳಬಾರದು.

೧೯೯೭ರ ತಾಲೀಮಿನ ದಿನ, ರಜೆಯಿದ್ದರೂ, ಅಂಬಾರಾಯನನ್ನು ನೀರಿನ ಟಾಕಿ ತೊಳೆಯಲೆಂದು ಮಾಳಿಗೆ ಹತ್ತಿಸಿ ಮರೆತುಬಿಟ್ಟರು. ಅಪಾಯದ ಸೈರನ್ನು, ಭೋಂಗಾ, ಕೂಗಿತು. ಕೆಳಗೆ ಹೊಗೆ ಹಾಕಿದರು. ನೌಕರರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಹೊಟ್ಟೆ ನೆಲಕ್ಕೆ ತಾಗಿಸಿ ತೆವಳುತ್ತ ಹೊರಬಂದರು. ಅವನು ಕಣ್ಣು ಕೀಳದೆ ನೋಡಿದ. ಅದು ಬೆಂಕಿಯ ತಾಲೀಮು. ವಿಷಗಾಳಿಯದು ಊಟವಾದ ಮೇಲೆ ಇತ್ತು. ಅದು ಅವನಿಗೆ ಗೊತ್ತಾಗುವ ಮೊದಲೇ ಕೂಲಿಗಳ ಮೇಲ್ವಿಚಾರಕ ಮುಕಾದಮ ತಲೆಯೆತ್ತಿ ನೋಡಿ, ಬೈದು, ಹಿಂದಿನ ಗೇಟಿನಿಂದ ಹೊರಗೆ ಅಟ್ಟಿದ.

ಆ ವಾರವೇ ಅಂಬಾರಾಯ ಗುಡಿಸಲುಗಳ ಮುಂದೆ ಎಲ್ಲರನ್ನೂ ಕೂಡಿಸಿದ. ನಮಗೆ ಯಾರೂ ಕಲಿಸುವುದಿಲ್ಲ, ನಾವೇ ಕಲಿಯಬೇಕು ಎಂದ.

"ಭೋಂಗಾ ಕೂಗಿದ್ರ ಓಡಬ್ಯಾಡ್ರಿ. ಹಸಿ ಅರಬಿ ಮೂಗಿಗಿ ಕಟ್ಕೊಂಡು ನೆಲಕ್ಕ ಬೋರಲ ಬೀಳ್ರಿ."

ಮಾಡಿಸಿಯೂ ನೋಡಿದ. ಯಮನವ್ವ ನಕ್ಕಳು, ಆದರೆ ಎಲ್ಲರಿಗಿಂತ ಮೊದಲು ಮಲಗಿದಳು. ಸಂಕಪ್ಪ ಎಂಬ ಕುಡುಕನೊಬ್ಬ ಮಾತ್ರ, ಹಲ್ಲಿಯಂತೆ ಬೀಳುವುದು ತನ್ನಿಂದಾಗದು ಎಂದು ಎದ್ದುಹೋದ.

ಮರುವರ್ಷ ಫೆಬ್ರುವರಿಯ ಒಂದು ಬೆಳಿಗ್ಗೆ ಕ್ಲೋರಿನ್ ಸಿಲಿಂಡರಿನ ಬಾಯಿ ಬಿಚ್ಚಿಹೋಯಿತು. ಅಂಬಾರಾಯ ಆ ಹೊತ್ತಿಗೆ ಗೇಟಿನಾಚೆ ಲಾರಿ ತುಂಬುತ್ತಿದ್ದ. ಭೋಂಗಾ ಕೂಗಿದಾಗ ಅವನಿಗೆ ಹೆದರಿಕೆಗಿಂತ ಮೊದಲು ಸಮಾಧಾನವೇ ಆಯಿತು: ನಮ್ಮವರಿಗೆ ಗೊತ್ತಿದೆ. ಹಳದಿ ಹಸಿರು ಗಾಳಿ ಮೇಲೇರಲಿಲ್ಲ. ನೀರಿನಂತೆ ನೆಲ ಹಿಡಿದು ಅಂಗಳದ ತಗ್ಗಿಗೆ ಹರಿಯಿತು. ಅಲ್ಲಿ ಏಳು ಮಂದಿ ಬೋರಲು ಮಲಗಿದ್ದರು.

ನಾಲ್ವರು ಬದುಕಿದರು. ಯಮನವ್ವ ಆ ನಾಲ್ವರಲ್ಲಿ ಇರಲಿಲ್ಲ. ಸಂಕಪ್ಪ ದಿಕ್ಕೆಟ್ಟು ಮಾಳಿಗೆ ಹತ್ತಿದ್ದ. ಅವನಿಗೆ ಕೆಮ್ಮು ಸಹ ಬರಲಿಲ್ಲ.

ಆ ಗಾಳಿ ಭಾರ, ಎತ್ತರಕ್ಕೆ ಹೋಗಿದ್ದರೆ ಉಳಿಯುತ್ತಿದ್ದರು ಎಂದು ಆಸ್ಪತ್ರೆಯ ಡಾಕ್ಟರು ಅಂಬಾರಾಯನಿಗೆ ಹೇಳಿದರು.

ವಿಚಾರಣೆಯಲ್ಲಿ ಕಾರ್ಖಾನೆಯವರು ಒಂದು ದಪ್ಪ ರಜಿಸ್ಟರು ತಂದಿಟ್ಟರು. ಎಲ್ಲ ಕೂಲಿಗಳಿಗೂ ತರಬೇತಿ ಕೊಟ್ಟಿದ್ದೇವೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಹೆಬ್ಬೆಟ್ಟುಗಳ ಸಾಲು. ಹಾಜರಿಗೆ ಎಂದು ಹೇಳಿ ಒತ್ತಿಸಿಕೊಂಡಿದ್ದವು ಅವು. ಯಮನವ್ವನದೂ ಇತ್ತು. ಹಾಗಾದರೆ ಮಲಗಿರಿ ಎಂದವರು ಯಾರು ಎಂದು ಅಧಿಕಾರಿ ಕೇಳಿದರು. ಮುಕಾದಮ ಕಿಟಕಿಯಾಚೆ ನೋಡುತ್ತ ನಿಂತಿದ್ದ.

"ಮೀಚ್ ಸಾಂಗಿತ್ಲಂ, ಸಾಹೇಬ," ಎಂದ ಅಂಬಾರಾಯ. ನಾನೇ ಹೇಳಿದ್ದು.

ತಾಲೀಮಿನ ದಿನ ತಮ್ಮನ್ನು ಹೊರಗಟ್ಟುತ್ತಿದ್ದುದನ್ನೂ ಹೇಳಿದ. ವರದಿಯಲ್ಲಿ ಮೊದಲ ಮಾತು ಮಾತ್ರ ಉಳಿಯಿತು.

ಆಮೇಲೆ ಅವನು ಖರಾಡಿಯ ಒಂದು ಕಟ್ಟಡದಲ್ಲಿ ವಾಚಮನ್ ಆದ. ಮಗಳು ಭುವನೇಶ್ವರಿಯನ್ನು ಒಬ್ಬನೇ ಬೆಳೆಸಿದ. ಅವಳ ಮದುವೆ ಗೊತ್ತಾದ ಮೇಲೆ, ೨೦೦೭ರಲ್ಲಿ, ರೊಟ್ಟಿ ಬಡಿಯುತ್ತ ಕೂತವಳು ಒಮ್ಮೆ ಕೇಳಿದಳು:

"ಅಪ್ಪಾ, ಸಂಕಪ್ಪ ಕಾಕಾ ಓಡಿ ಉಳಕೊಂಡ. ಅವ್ವ ಯಾಕ ಓಡ್ಲಿಲ್ಲ?"

ಅವನು ಒಂದನ್ನೂ ಮುಚ್ಚದೆ ಹೇಳಿದ. ಅವಳು ಕೈ ನಿಲ್ಲಿಸಿ ಕೇಳಿಸಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಅದನ್ನು ತೆಗೆದು ಪಕ್ಕಕ್ಕಿಟ್ಟು, ಬೇರೆ ರೊಟ್ಟಿ ಬಡಿದು ಅವನಿಗೆ ಬಡಿಸಿದಳು.

ಮದುವೆಯಾಗಿ ಹೋದವಳು ವರ್ಷಕ್ಕೊಮ್ಮೆ ಪಂಚಮಿಗೆ ಬರುತ್ತಾಳೆ. ಆರೋಗ್ಯ ವಿಚಾರಿಸುತ್ತಾಳೆ, ಔಷಧ ತಂದುಕೊಡುತ್ತಾಳೆ. ಆ ಮಾತನ್ನು ಮತ್ತೆ ಎತ್ತಿಲ್ಲ. ಒಮ್ಮೆ ಬೈದಾದರೂ ಬೈಯಲಿ ಎಂದು ಅವನು ಕಾಯುತ್ತಾನೆ.